ಕಪಿಲೆಯ ಅಳತೆ

ನಂಜನಗೂಡಿನಲ್ಲಿ ಮಳೆ ಸುರಿದ ಕಾರಣಕ್ಕೆ ನಂಜನಗೂಡಿಗೆ ನೆರೆ ಬಂದುದು ಅಪೂರ್ವವೆಂದೇ ಹೇಳಬೇಕು. ವರ್ಷಕ್ಕೆ 700–800 ಮಿಲಿಮೀಟರಿನಷ್ಟು ಮಾತ್ರ ಮಳೆ ಕಾಣುವ, ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಬಯಲುಸೀಮೆಯ ಪಟ್ಟಣದಲ್ಲಿ ಆಷಾಢದ ಗಾಳಿ ಧೂಳೆಬ್ಬಿಸುತ್ತ ಬೀಸುತ್ತಿರುವಾಗ, ರೈತನು ತನ್ನ ಹೊಲಕ್ಕೊಂದು ಹದಮಳೆ ಬಂದೀತೇ ಎಂದು ಆಕಾಶವನ್ನು ನಿಟ್ಟಿಸುತ್ತಿರುವಾಗಲೇ, ಊರ ಬಡಗಣ ಮಗ್ಗುಲಲ್ಲಿ ಹರಿಯುವ ಕಪಿಲೆಯು ಕೆಂಪಾಗಿ, ಉಬ್ಬಿ, ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಮೇಲೇರಿ ಬರುವುದುಂಟು. ತಲೆಯ ಮೇಲೆ ಬಿಸಿಲು, ಕಾಲ ಬುಡದಲ್ಲಿ ನೆರೆ. ಇದು ಈ ಊರಿನ ವಿಚಿತ್ರವಾದ ಪರಿಸ್ಥಿತಿ.

ಈ ವೈಚಿತ್ರ್ಯದ ಕಾರಣ ನದಿಯ ಜನ್ಮಸ್ಥಾನದಲ್ಲಿದೆ. ಕಬಿನಿಯೆಂದೂ ಕಪಿಲೆಯೆಂದೂ ಕರೆಯಿಸಿಕೊಳ್ಳುವ ಈ ಹೊಳೆಯು ವಯನಾಡಿನ ಬೆಟ್ಟಗಳಲ್ಲಿ ಪನಮರಂ ಮತ್ತು ಮಾನಂದವಾಡಿ ಎಂಬೆರಡು ಹೊಳೆಗಳು ಕೂಡಿದಲ್ಲಿ ಮೈದಳೆದು, ಮೂಡಲಿಗೆ ತಿರುಗಿ, ನಾಗರಹೊಳೆ ಬಂಡೀಪುರಗಳ ಕಾಡುಗಳ ನಡುವೆ ಹಾದು, ನಡುದಾರಿಯಲ್ಲಿ ನುಗು ಹೊಳೆಯನ್ನು ಕೂಡಿಸಿಕೊಂಡು, ಹುಲ್ಲಹಳ್ಳಿಯ ಹಳೆಯ ಅಣೆಕಟ್ಟನ್ನು ದಾಟಿ ನಂಜನಗೂಡಿಗೆ ಬಂದು, ಅಲ್ಲಿ ಪುರಾಣಗಳು ಕೌಂಡಿನಿಯೆನ್ನುವ ಗುಂಡ್ಲುಹೊಳೆಯ ಸಂಗಮವನ್ನು ಪಡೆದು, ಕಡೆಗೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ವಯನಾಡಿನ ಪಡುವಣ ಅಂಚಿನಲ್ಲಿ ಬೀಳುವ ಮಳೆ ನಂಜನಗೂಡಿನ ಮಳೆಯ ಮೂರು ನಾಲ್ಕು ಪಟ್ಟನ್ನು ಮೀರಬಲ್ಲುದು. ಆ ಮೇಲಣ ನೆಲವು ಬಹುಕಾಲ ಮದರಾಸ್ ಪ್ರಾಂತದ ಮಲಬಾರ್ ಜಿಲ್ಲೆಗೆ ಸೇರಿದ್ದಿತು. 1956ರಿಂದೀಚೆಗೆ ಅದು ಕೇರಳ. ಮಳೆ ಒಂದು ರಾಜ್ಯದ್ದು, ನೆರೆ ಮತ್ತೊಂದು ರಾಜ್ಯದ್ದು. ಆದಕಾರಣ ಈ ಪಟ್ಟಣದಲ್ಲಿ ನದಿಯ ಮಟ್ಟವನ್ನು ನೋಡಿಕೊಳ್ಳುವ ಕಾರ್ಯದ ಇತಿಹಾಸವೆಂದರೆ, ದೂರದ ಮಳೆಯ ಸುದ್ದಿಯು ಕಾಲಕಾಲಕ್ಕೆ ಯಾವ ಯಾವ ವಾಹನವನ್ನೇರಿ ಊರಿಗೆ ಬಂದಿತು, ಬಂದ ಸುದ್ದಿಯನ್ನು ಊರು ಹೇಗೆ ಓದಿಕೊಂಡಿತು ಎಂಬುದರ ಇತಿಹಾಸವೇ ಆಗಿದೆ.

ನದೀತೀರದ ಜನರಿಗೆ ಮಳೆಗಾಲದ ಎಚ್ಚರವನ್ನು ವಿಧಿಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಬೆಂಕಿ, ನೀರು, ರೋಗ, ದುರ್ಭಿಕ್ಷ ಮುಂತಾದ ದೈವಿಕ ವಿಪತ್ತುಗಳನ್ನು ಎಣಿಸುವ ಪ್ರಕರಣದಲ್ಲಿ, ದಡದ ಗ್ರಾಮಸ್ಥರು ಮಳೆಗಾಲದಲ್ಲಿ ತೀರವನ್ನು ಬಿಟ್ಟು ಎತ್ತರದ ನೆಲದಲ್ಲಿ ವಾಸಿಸಬೇಕೆಂದೂ, ಮರದ ಹಲಗೆ, ಬಿದಿರು, ದೋಣಿಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕೆಂದೂ ವಿಧಿಸಿ, ಕೊಚ್ಚಿಹೋಗುವವನನ್ನು ಕಂಡೂ ದೋಣಿಯುಳ್ಳವನು ರಕ್ಷಿಸದೆ ಹೋದರೆ 12 ಪಣಗಳ ದಂಡವನ್ನು ಗೊತ್ತುಮಾಡುತ್ತದೆ. ಅದೇ ಗ್ರಂಥವು ರಾಜನ ಉಗ್ರಾಣದ ಅಂಗಳದಲ್ಲಿ ಮಳೆಯನ್ನಳೆಯುವ ಪಾತ್ರೆಯೊಂದನ್ನಿಡಬೇಕೆಂದೂ ಹೇಳುತ್ತದೆ. ಮಳೆಯನ್ನಳೆಯುವುದು ಬಿತ್ತನೆಗೂ ಕಂದಾಯಕ್ಕೂ ಬೇಕಾಗಿದ್ದಿತು. ನೆರೆಯಾದರೋ ಅಳೆಯುವ ವಿಷಯವಾಗಿರಲಿಲ್ಲ, ತಪ್ಪಿಸಿಕೊಳ್ಳುವ ವಿಷಯವಾಗಿದ್ದಿತು. ಈ ಭೇದವು ಮುಂದೆ ಇಪ್ಪತ್ತನೆಯ ಶತಮಾನದವರೆಗೂ ಬೇರೆ ಬೇರೆ ರೂಪಗಳಲ್ಲಿ ಉಳಿದುಬಂದುದನ್ನು ಕಾಣಬಹುದು.

ಯಂತ್ರಗಳಿಗಿಂತ ಮೊದಲು ನದಿಯ ಸುದ್ದಿಯನ್ನು ತರುತ್ತಿದ್ದುದು ನದಿಯೇ. ಬೇಸಿಗೆಯಲ್ಲಿ ತಿಳಿಯಾಗಿ, ಬಂಡೆಗಳ ನಡುವೆ ಸಣ್ಣಗೆ ಹರಿಯುವ ಹೊಳೆಗೆ ಹೊಸನೀರು ಬಂದಾಗ ಮೊದಲು ಬದಲಾಗುವುದು ಅದರ ಬಣ್ಣ. ಆಮೇಲೆ ನೊರೆ, ತರಗೆಲೆ, ಬಿದಿರಮೆಳೆಯ ತುಂಡುಗಳು. ನೀರು ಇನ್ನೂ ಬಲಿತಿತೆಂದರೆ ಕಾಡಿನ ಮರಗಳು ಬೇರುಸಹಿತ ಉರುಳುತ್ತ ಬರುವುವು. ಹರಿಗೋಲಿನಲ್ಲಿ ಜನರನ್ನು ದಾಟಿಸುವ ಅಂಬಿಗನಿಗೆ ಈ ಲಕ್ಷಣಗಳ ಕ್ರಮವು ಅಕ್ಷರಮಾಲೆಯಷ್ಟು ಪರಿಚಿತವಾಗಿರುತ್ತಿದ್ದಿತು, ಏಕೆಂದರೆ ಅದನ್ನು ತಪ್ಪಾಗಿ ಓದಿದವನು ಎರಡನೆಯ ಸಲ ಓದಲು ಉಳಿಯುತ್ತಿರಲಿಲ್ಲ. ಇದರ ಜೊತೆಗೆ ಪಂಚಾಂಗದ ಮಳೆನಕ್ಷತ್ರಗಳ ಲೆಕ್ಕವೂ ಇದ್ದಿತು: ಆರಿದ್ರೆಯಲ್ಲಿ ಮೊದಲ ಕೆನ್ನೀರು, ಪುನರ್ವಸು ಪುಷ್ಯಗಳಲ್ಲಿ ಹೊಳೆಯ ತುಂಬು, ಆಶ್ಲೇಷೆ ಕಳೆಯುವವರೆಗೂ ಭಯ. ಈ ಲೆಕ್ಕವನ್ನು ಮೂಢವಿಶ್ವಾಸವೆಂದು ತಳ್ಳಿಹಾಕುವಂತಿಲ್ಲ. ಜುಲೈ ಮೊದಲ ವಾರದಿಂದ ಆಗಸ್ಟಿನ ನಡುವಿನವರೆಗೆ ವ್ಯಾಪಿಸುವ ಈ ಕೊನೆಯ ಮೂರು ನಕ್ಷತ್ರಗಳ ಅವಧಿಯೇ ನೈರುತ್ಯ ಮಾರುತವು ವಯನಾಡಿನಲ್ಲಿ ಪರಮಾವಧಿಯನ್ನು ಮುಟ್ಟುವ ಕಾಲ; ನಮ್ಮ ಕಾಲದ ದೊಡ್ಡ ನೆರೆಗಳೂ ಬಹುಮಟ್ಟಿಗೆ ಈ ಎಲ್ಲೆಯೊಳಗೇ ಬಂದಿವೆ.

ಬಣ್ಣವು ಸುದ್ದಿಯನ್ನು ಕೊಡಬಲ್ಲುದು, ಪ್ರಮಾಣವನ್ನು ಕೊಡಲಾರದು. ಪ್ರಮಾಣಕ್ಕೆ ಸ್ಥಿರವಾದ ಒಂದು ಗುರುತು ಬೇಕು. ನಂಜನಗೂಡಿಗೆ ಆ ಗುರುತು ದೊರೆತುದು ದೇವರ ಕಾರ್ಯಕ್ಕಾಗಿ ಕಟ್ಟಿದ ಕಲ್ಲುಗಳಲ್ಲಿ. ಹೊಳೆಯ ಅಂಚಿನಲ್ಲಿರುವ ಹದಿನಾರು ಕಾಲು ಮಂಟಪವನ್ನು ಕಟ್ಟಿಸಿದವರ ಮನಸ್ಸಿನಲ್ಲಿ ಜಲಮಾಪನದ ಯೋಚನೆ ಇದ್ದಿರಲಾರದು. ಆದರೂ ಅದು ಊರಿನ ಜಲಮಾಪಕವೇ ಆಗಿ ಪರಿಣಮಿಸಿತು. ನೀರು ಜಗಲಿಯನ್ನು ಮುಟ್ಟಿತೆಂದರೆ ಒಂದು ಅರ್ಥ, ಕಂಬದ ನಡುವಿಗೆ ಬಂದಿತೆಂದರೆ ಇನ್ನೊಂದು, ಬೋದಿಗೆ ಮುಳುಗಿ ಮಾಡು ಮಾತ್ರ ಕಾಣುತ್ತಿದೆಯೆಂದರೆ ಮಗುದೊಂದು. ಇಂದಿಗೂ ಮಳೆಗಾಲದಲ್ಲಿ ಪತ್ರಿಕೆಗಳು ಕಪಿಲೆಯ ಉಬ್ಬರವನ್ನು ವರ್ಣಿಸುವಾಗ ಮೊದಲು ಹೇಳುವುದು ಈ ಮಂಟಪದ ಸ್ಥಿತಿಯನ್ನೇ. ಸಂಗಮದ ಬಳಿಯ ಪರಶುರಾಮ ದೇವಾಲಯ, ಸ್ನಾನಘಟ್ಟ, ಮುಡಿ ತೆಗೆಯುವ ಕಟ್ಟೆ ಇವೆಲ್ಲವೂ ಅದೇ ಅಳತೆಗೋಲಿನ ಬೇರೆ ಬೇರೆ ಗೆರೆಗಳು. ಅಡಿ ಅಂಗುಲಗಳಲ್ಲಿ ಅಂಕಿತವಾಗದಿದ್ದರೂ ಈ ಅಳತೆಗೊಂದು ಮಹತ್ತರವಾದ ಗುಣವಿದ್ದಿತು: ಅದನ್ನು ಓದಲು ಯಾರಿಗೂ ಯಾವ ಶಿಕ್ಷಣವೂ ಬೇಕಾಗಿರಲಿಲ್ಲ, ಓದಿದೊಡನೆಯೆ ತನ್ನ ಮನೆ ಎಷ್ಟು ದೂರದಲ್ಲಿದೆಯೆಂಬುದು ಪ್ರತಿಯೊಬ್ಬನಿಗೂ ತಾನಾಗಿಯೇ ತಿಳಿಯುತ್ತಿದ್ದಿತು.

ನದಿಯ ಮೇಲೆ ಮನುಷ್ಯನು ಕಟ್ಟಿದ ಇನ್ನೊಂದು ಗುರುತು ಹಳೆಯ ಸೇತುವೆ. 1735ರಲ್ಲಿ ದಳವಾಯಿ ದೇವರಾಜಯ್ಯನು ಕಟ್ಟಿಸಿದನೆಂದು ಪ್ರಸಿದ್ಧವಾದ ಈ ಕಲ್ಲುಸೇತುವೆಯು, 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲುಮಾರ್ಗ ಬಂದಾಗ ಹಳಿಗಳನ್ನೂ ಹೊತ್ತುಕೊಂಡು, ಬ್ರಾಡ್ ಗೇಜಿನ ಹೊಸ ಸೇತುವೆಯಾಗುವವರೆಗೆ ದುಡಿಯಿತು. ಒತ್ತೊತ್ತಾಗಿ ನಿಂತ ಅದರ ದಪ್ಪ ಕಂಬಗಳ ನಡುವಣ ಕಂಡಿಗಳಲ್ಲಿ ನೀರು ಎಲ್ಲಿಯವರೆಗೆ ಏರಿದೆಯೆಂಬುದನ್ನು ದಾರಿಹೋಕನೂ ಕಾಣಬಹುದಾಗಿದ್ದಿತು. ಸೇತುವೆಯು ನದಿಯನ್ನು ದಾಟಿಸುವುದಲ್ಲದೆ ನದಿಯನ್ನು ತಡೆಯುವುದೂ ಉಂಟು. ಕಂಬಗಳು ಒತ್ತಾಗಿದ್ದಷ್ಟೂ ಅವುಗಳ ಮೇಲ್ಮಗ್ಗುಲಲ್ಲಿ ಪ್ರವಾಹದ ನೀರು ಸ್ವಲ್ಪ ಸ್ವಲ್ಪವಾಗಿ ಎತ್ತರವಾಗುತ್ತದೆ. ಹೀಗಿದ್ದೂ ಎರಡೂಮುಕ್ಕಾಲು ಶತಮಾನದ ನೆರೆಗಳನ್ನು ಅದು ತಡೆದುಕೊಂಡು ನಿಂತಿತೆಂಬುದು ಕಟ್ಟಿದವರ ಕುಶಲತೆಗೆ ಸಾಕ್ಷಿ.

ಆ ನೆರೆಗಳಲ್ಲಿ ದಕ್ಷಿಣದೇಶವೆಲ್ಲ ಮರೆಯದೆ ಉಳಿಸಿಕೊಂಡಿರುವುದು 1924ರದು. ಆ ವರ್ಷದ ಜುಲೈ ತಿಂಗಳಲ್ಲಿ ಸಹ್ಯಾದ್ರಿಯ ಎರಡು ಮಗ್ಗುಲಲ್ಲಿಯೂ ಎಡೆಬಿಡದೆ ಸುರಿದ ಮಳೆಯಿಂದ ಪಡುವಲಿಗೆ ಮಲಯಾಳ ದೇಶವೂ ಮೂಡಲಿಗೆ ಕಾವೇರಿಯ ಕಣಿವೆಯೂ ಏಕಕಾಲದಲ್ಲಿ ಜಲಮಯವಾದುವು. ಕೊಲ್ಲವರ್ಷ 1099ರಲ್ಲಿ ಸಂಭವಿಸಿದುದರಿಂದ ಮಲಯಾಳಿಗಳು ಅದನ್ನು ತೊಂಬತ್ತೊಂಬತ್ತರ ನೆರೆಯೆಂದೇ ಇಂದಿಗೂ ಕರೆಯುತ್ತಾರೆ. ಕನ್ನಂಬಾಡಿಯ ಕಟ್ಟೆ ಆಗ ಇನ್ನೂ ಕಟ್ಟಡದ ಹಂತದಲ್ಲಿದ್ದಿತು. ಕಪಿಲೆಯ ಮೇಲಾದರೋ ಪ್ರವಾಹವನ್ನು ತಡೆಯುವ ಯಾವ ದೊಡ್ಡ ಕಟ್ಟೆಯೂ ಇರಲಿಲ್ಲ. ವಯನಾಡಿನಲ್ಲಿ ಬಿದ್ದುದು ಬಿದ್ದಂತೆಯೇ ತಗ್ಗಿನ ಊರುಗಳಿಗೆ ಇಳಿಯಬೇಕಾಗಿದ್ದಿತು.

ಆ ವರ್ಷವು ಕಾವೇರಿಯ ಚರಿತ್ರೆಯಲ್ಲಿ ಬೇರೊಂದು ಕಾರಣಕ್ಕೂ ಸ್ಮರಣೀಯ. ನೆರೆಗೆ ಐದು ತಿಂಗಳು ಮುಂಚೆ, ಫೆಬ್ರವರಿಯಲ್ಲಿ, ಮೈಸೂರು ಮತ್ತು ಮದರಾಸ್ ಸರ್ಕಾರಗಳು ಕಾವೇರಿ ನೀರಿನ ಒಪ್ಪಂದಕ್ಕೆ ಸಹಿಮಾಡಿದ್ದುವು. 1892ರ ಒಪ್ಪಂದದ ಮುಂದುವರಿಕೆಯಾದ ಇದರಲ್ಲಿ, ಕೆಳಗಿನ ಪ್ರಾಂತಕ್ಕೆ ಸಲ್ಲಬೇಕಾದ ನೀರನ್ನು ಮಾಪಕದ ಅಡಿಗಳ ಲೆಕ್ಕದಲ್ಲಿಯೇ ನಿಶ್ಚಯಿಸಲಾಗಿದ್ದಿತು. ಹರಿಯುವ ನದಿಯನ್ನು ಶಾಸ್ತ್ರೀಯವಾಗಿ ಅಳೆಯುವ ವಿದ್ಯೆ ನಮ್ಮಲ್ಲಿ ಬೇರೂರಿದುದು ಮುಖ್ಯವಾಗಿ ಇಂತಹ ಪಾಲಿನ ಪ್ರಶ್ನೆಯಿಂದ. ನೀರು ಕಡಮೆಯಾದಾಗ ಯಾರಿಗೆಷ್ಟು ಎಂಬುದನ್ನು ಗೊತ್ತುಮಾಡುವುದಕ್ಕಾಗಿ ಇಂಜಿನಿಯರರು ಬೊಟ್ಟಿನಷ್ಟು ನೀರಿಗೂ ಲೆಕ್ಕವಿಟ್ಟರು. ನೀರು ಹೆಚ್ಚಾದಾಗ ಯಾರ ಮನೆ ಮುಳುಗುವುದೆಂಬ ಲೆಕ್ಕವು ಬಹುಕಾಲ ಯಾರ ದಫ್ತರಕ್ಕೂ ಸೇರಲಿಲ್ಲ. ಇಂದು ಕನ್ನಡಿಗರೆಲ್ಲರಿಗೂ ಹೆಸರು ಗೊತ್ತಿರುವ ನದೀಮಾಪನ ಕೇಂದ್ರವೊಂದಿದ್ದರೆ ಅದು ಬಿಳಿಗುಂಡ್ಲು. ಅದರ ಪ್ರಸಿದ್ಧಿಯೂ ತಮಿಳುನಾಡಿಗೆ ಹೋದ ನೀರಿನ ಲೆಕ್ಕದಿಂದಲೇ ಬಂದುದು.

ಆದರೂ ಪಾಲಿಗಾಗಿ ಹುಟ್ಟಿದ ವಿದ್ಯೆಯು ನೆರೆಗೂ ಉಪಯೋಗಕ್ಕೆ ಬಂದಿತು. ಅದರ ರೀತಿ ಸರಳವಾದುದು. ಹೊಳೆಯ ದಡದಲ್ಲಿ, ಮೆಟ್ಟಿಲಿಳಿದಂತೆ ಒಂದರ ಕೆಳಗೊಂದು, ಅಂಕಿ ಬರೆದ ಕಂಬಗಳನ್ನು ನೆಡುತ್ತಾರೆ. ಅವುಗಳ ಶೂನ್ಯಬಿಂದು ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂಬುದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ದಿನವೂ ಬೆಳಗ್ಗೆ 8 ಗಂಟೆಗೆ, ಪ್ರವಾಹಕಾಲದಲ್ಲಿ ಗಂಟೆಗೊಮ್ಮೆ, ಗೇಜ್ ರೀಡರ್ ಬಂದು ನೀರು ಮುಟ್ಟಿದ ಗೆರೆಯನ್ನು ಪುಸ್ತಕದಲ್ಲಿ ಬರೆಯುತ್ತಾನೆ. ಮಟ್ಟವು ತಿಳಿದ ಮಾತ್ರಕ್ಕೆ ನೀರಿನ ಪರಿಮಾಣ ತಿಳಿಯದಷ್ಟೆ. ಅದಕ್ಕಾಗಿ ನದಿಯನ್ನು ಅಡ್ಡಲಾಗಿ ಹಲವು ಪಟ್ಟಿಗಳಾಗಿ ಭಾವಿಸಿ, ಒಂದೊಂದರ ಆಳವನ್ನೂ ಅಳೆದು, ದೋಣಿಯಿಂದಲೋ ಸೇತುವೆಯಿಂದಲೋ ವೇಗಮಾಪಕ ಯಂತ್ರವನ್ನಿಳಿಸಿ, ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಸಿಗುವ ವೇಗವನ್ನು ಆ ಪಟ್ಟಿಯ ಸರಾಸರಿ ವೇಗವೆಂದು ಹಿಡಿದು ಗುಣಿಸುತ್ತಾರೆ. ಹೀಗೆ ಬಂದ ಮೊತ್ತವೇ ಸೆಕೆಂಡಿಗೆ ಇಷ್ಟು ಘನ ಅಡಿ, ಎಂದರೆ ಇಷ್ಟು ಕ್ಯೂಸೆಕ್. ಮಟ್ಟಕ್ಕೂ ಪರಿಮಾಣಕ್ಕೂ ಇರುವ ಸಂಬಂಧವು ವರ್ಷಗಟ್ಟಲೆಯ ಅಳತೆಯಿಂದ ಒಂದು ವಕ್ರರೇಖೆಯಾಗಿ ಸ್ಥಿರಪಟ್ಟ ಮೇಲೆ, ಕಂಬದ ಅಂಕಿಯೊಂದೇ ಉಳಿದುದನ್ನೆಲ್ಲ ಹೇಳುತ್ತದೆ. ಸ್ವಾತಂತ್ರ್ಯಾನಂತರ ಕೇಂದ್ರ ಜಲ ಆಯೋಗವು ಈ ಕೆಲಸವನ್ನು ದೇಶವ್ಯಾಪಿಯಾಗಿಸಿತು. 1958ರಲ್ಲಿ ದೆಹಲಿಯ ಯಮುನೆಯ ಮೇಲೆ ನೆರೆಯ ಮುನ್ಸೂಚನೆಯು ಆರಂಭವಾಯಿತು. ಕಪಿಲೆಯ ಮೇಲೆ ಕೇರಳದ ಮುತ್ತಂಕೆರೆಯಲ್ಲಿಯೂ ಕೆಳಗೆ ತಿರುಮಕೂಡಲು ನರಸೀಪುರದಲ್ಲಿಯೂ ಆಯೋಗದ ಮಾಪನ ಕೇಂದ್ರಗಳಾದುವು. ಬೆಟ್ಟದ ಮಳೆಯ ಸುದ್ದಿಯು ನೀರಿಗಿಂತ ಮುಂಚೆ ಊರು ತಲಪುವುದು ಹೀಗೆ ಸಾಧ್ಯವಾಯಿತು.

ಈ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ತಿರುವು ಬೀಚನಹಳ್ಳಿಯ ಅಣೆಕಟ್ಟು. 1974ರಲ್ಲಿ ಮುಗಿದ ಕಬಿನಿ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 2284 ಅಡಿ, ಧಾರಣಶಕ್ತಿ 19.52 ಟಿಎಂಸಿ. ಕಟ್ಟೆ ಬಂದ ಮೇಲೆ ನೆರೆಯ ಭಯ ತೀರಿತೆಂದು ಭಾವಿಸುವುದು ಸಹಜವಾದರೂ, ಕೊಂಚ ಗಣಿತ ಮಾಡಿದರೆ ಆ ಭಾವನೆ ನಿಲ್ಲುವುದಿಲ್ಲ. 1 ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಅದು 8.64 ಟಿಎಂಸಿ, ಎಂದರೆ ಸಂಪೂರ್ಣ ಬರಿದಾದ ಕಬಿನಿಯನ್ನೂ ಅಂತಹ ಒಳಹರಿವು ಎರಡೂಕಾಲು ದಿನದಲ್ಲಿ ತುಂಬಿಬಿಡುತ್ತದೆ. ಆದರೆ ನೆರೆ ಬರುವ ಕಾಲಕ್ಕೆ ಜಲಾಶಯ ಬರಿದಾಗಿರುವುದೇ ಇಲ್ಲ. ನೀರಾವರಿಗಾಗಿ ಕಟ್ಟಿದ ಕೆರೆಕಟ್ಟೆಯ ಧರ್ಮ ಬೇಗ ತುಂಬಿಕೊಳ್ಳುವುದು. ನೆರೆಯನ್ನು ತಡೆಯುವುದಕ್ಕಾಗಿ ಕಟ್ಟಿದುದರ ಧರ್ಮ ಸದಾ ಜಾಗ ಬಿಟ್ಟುಕೊಂಡಿರುವುದು. 1908ರ ಮೂಸಿ ನದಿಯ ಮಹಾಪ್ರವಾಹವು ಹೈದರಾಬಾದನ್ನು ಹಾಳುಗೆಡವಿದಾಗ, ಸಲಹೆಗಾಗಿ ಕರೆಯಿಸಿಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರು ಊರಿನ ಮೇಲ್ಗಡೆಯಲ್ಲಿ ಪ್ರವಾಹವನ್ನೇ ಹಿಡಿದಿಡುವ ಜಲಾಶಯಗಳನ್ನು ಸೂಚಿಸಿದರು. ಒಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಅದರ ಫಲ. ಕಬಿನಿಯ ಉದ್ದೇಶ ಅದಲ್ಲ. ಅದು ಸಣ್ಣ ನೆರೆಗಳನ್ನು ನುಂಗಿಕೊಳ್ಳಬಲ್ಲುದು. ದೊಡ್ಡ ನೆರೆಯನ್ನು ಕೆಲವು ಗಂಟೆ ತಡೆದು ಕೆಳಗೆ ಬಿಡಬಲ್ಲುದು, ಅಷ್ಟೆ.

ಆದರೆ ಕಟ್ಟೆಯು ಊರಿನ ಮನಸ್ಸನ್ನು ನದಿಗಿಂತ ಹೆಚ್ಚಾಗಿ ಬದಲಾಯಿಸಿತು. ಹಿಂದೆ ಬೆಟ್ಟದಲ್ಲಿ ಮಳೆ ಹೇಗಿದೆಯೆಂದು ಕೇಳುತ್ತಿದ್ದವರು ಈಗ ಡ್ಯಾಮಿನಿಂದ ಎಷ್ಟು ಬಿಟ್ಟಿದ್ದಾರೆಂದು ಕೇಳತೊಡಗಿದರು. ದಿನಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಒಳಹರಿವು, ಹೊರಹರಿವುಗಳ ಅಂಕಿಗಳು ಮಳೆಗಾಲದ ಮಾತುಕತೆಯ ಅಂಗವಾದುವು. ಸಣ್ಣ ನೆರೆಗಳು ಬಾರದೆ ಹೋದ ವರ್ಷಗಳಲ್ಲಿ ಹೊಳೆಯ ತಗ್ಗು ನೆಲವು ನೆಲವೆಂದೇ ತೋರಿ, ಮನೆಗಳು ದಡಕ್ಕೆ ಸರಿದುವು. ಕಂಬದಲ್ಲಿ ನೀರು ನೋಡುವ ಅಭ್ಯಾಸವು ಹಿರಿಯರೊಡನೆ ಹಿಂದುಳಿಯಿತು. ಅಂಕಿಯನ್ನು ಕೇಳುವ ಅಭ್ಯಾಸವು ಮುಂದುವರಿಯಿತು. ಎರಡನ್ನೂ ಬೆಸೆಯುವ ಜ್ಞಾನ ಮಾತ್ರ ಯಾರಲ್ಲಿಯೂ ನಿಲ್ಲಲಿಲ್ಲ.

2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ, ಆಶ್ಲೇಷೆಯ ಮಳೆಯಲ್ಲಿಯೇ, ಇದರ ಪರೀಕ್ಷೆಯಾಯಿತು. 2019ರಲ್ಲಿ ಕಬಿನಿಯ ಹೊರಹರಿವು ಲಕ್ಷ ಕ್ಯೂಸೆಕ್ ಮೀರಿತು. ಹದಿನಾರು ಕಾಲು ಮಂಟಪ ಮುಳುಗಿತು. ಮಲ್ಲನಮೂಲೆಯ ಬಳಿ ಮೈಸೂರು–ಊಟಿ ಹೆದ್ದಾರಿಯ ಮೇಲೆಯೇ ನದಿ ಹರಿದು ಸಂಚಾರ ನಿಂತಿತು. ಹಳ್ಳದ ಕೇರಿ, ತೋಪಿನ ಬೀದಿ ಮುಂತಾದ ತಗ್ಗಿನ ಬಡಾವಣೆಗಳ ಜನರು ಕಾಳಜಿ ಕೇಂದ್ರಗಳಿಗೆ ಹೋಗಬೇಕಾಯಿತು. ಇಂತಹ ದಿನಗಳಲ್ಲಿ ಗುಂಡ್ಲುಹೊಳೆಯ ನಡವಳಿಕೆಯನ್ನು ವಿಶೇಷವಾಗಿ ಗಮನಿಸಬೇಕು. ತುಂಬಿ ಹರಿಯುವ ಕಪಿಲೆ ಸಂಗಮದಲ್ಲಿ ಬಾಗಿಲು ಮುಚ್ಚಿದಂತಾಗಿ, ಒಳಹೋಗಲಾರದ ಕೌಂಡಿನಿಯ ನೀರು, ಸಂತೆಯ ದಿನ ಓಣಿಯ ಬಾಯಲ್ಲಿ ಸಿಕ್ಕಿಬಿದ್ದ ಗಾಡಿಗಳ ಸಾಲಿನಂತೆ, ಹಿಂದಕ್ಕೆ ಒತ್ತರಿಸಿಕೊಂಡು ನಿಲ್ಲುತ್ತದೆ. ದೊಡ್ಡ ನದಿಯಿಂದ ದೂರವಿರುವ ಮನೆಗೂ ಚರಂಡಿಯ ದಾರಿಯಿಂದ ನೀರು ಬರುವುದು ಹೀಗೆ. ಜಲಾಶಯದ ಕ್ಯೂಸೆಕ್ ಲೆಕ್ಕದಲ್ಲಿ ಈ ಹಿನ್ನೀರಿನ ಸುಳಿವೂ ಇರುವುದಿಲ್ಲ.

ಆಡಳಿತವು ಈಗ ಕೈಕಟ್ಟಿ ಕೂತಿದೆಯೆಂದು ಹೇಳುವಂತಿಲ್ಲ. 1988ರಲ್ಲಿ ಬರದ ಉಸ್ತುವಾರಿಗಾಗಿ ರಾಜ್ಯವು ಸ್ಥಾಪಿಸಿದ ಘಟಕವೇ ಬೆಳೆದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ಹರಡಿದೆ. ಬರಕ್ಕಾಗಿ ಹುಟ್ಟಿದ ಮಾಪನ ನೆರೆಗೆ ಒದಗಿತೆಂಬಲ್ಲಿ, ಪಾಲಿಗಾಗಿ ಹುಟ್ಟಿದ ವಿದ್ಯೆಯ ಕಥೆಯೇ ಇನ್ನೊಮ್ಮೆ ನಡೆದಂತಾಯಿತು. ನೀರು ಬಿಡುವ ಮುನ್ನ ದಡದ ಹಳ್ಳಿಗಳಲ್ಲಿ ತಮಟೆ ಹೊಡೆಸಿ, ಧ್ವನಿವರ್ಧಕದಲ್ಲಿ ಸಾರಿಸಿ, ಮೊಬೈಲಿಗೆ ಸಂದೇಶ ಕಳುಹಿಸುತ್ತಾರೆ. ಮೂರು ಯುಗಗಳ ವಾಹನಗಳು ಒಂದೇ ಸುದ್ದಿಯನ್ನು ಹೊತ್ತು ಬರುತ್ತವೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಬೆಟ್ಟ ಕುಸಿದು ನೂರಾರು ಜನ ಸತ್ತಾಗ, ಆ ಕಣಿವೆಯ ನೀರು ಪಡುವಲಿಗೆ ಚಾಲಿಯಾರನ್ನು ಸೇರಿತು. ಅದೇ ಬೆಟ್ಟಸೀಮೆಯ ಮೂಡಣ ಇಳಿಜಾರಿನ ನೀರಾದರೋ ಕಪಿಲೆಗೆ ಇಳಿಯತಕ್ಕುದು. ಒಂದು ಜಿಲ್ಲೆಯ ಮಳೆ ಯಾವ ದಿಕ್ಕಿಗೆ ಹರಿಯುವುದೆಂಬುದು ಒಂದು ಏಣಿನ ಮೇಲೆ ನಿಂತಿದೆಯೆಂಬುದನ್ನು ಕೆಳಗಿನವರು ನೆನಪಿನಲ್ಲಿಡಬೇಕು.

ಇಷ್ಟೆಲ್ಲ ಅಂಕಿಗಳಿದ್ದೂ ಕೊರತೆಯೊಂದು ಉಳಿದಿದೆ. ಎಂಬತ್ತು ಸಾವಿರ ಕ್ಯೂಸೆಕ್ ಎಂಬ ಮಾತನ್ನು ಕೇಳಿದ ತೋಪಿನ ಬೀದಿಯ ಗೃಹಿಣಿಗೆ ಅದರಿಂದ ತಿಳಿಯುವುದು ಗಾಬರಿಯೊಂದೇ. ತನ್ನ ಹೊಸ್ತಿಲಿಗೆ ನೀರು ಬಂದೀತೇ, ಬರುವುದಾದರೆ ಇಂದು ರಾತ್ರಿಯೋ ನಾಳೆ ಬೆಳಗ್ಗೆಯೋ ಎಂಬುದು ತಿಳಿಯುವುದಿಲ್ಲ. ಹಳೆಯ ಮಂಟಪಕ್ಕೆ ಪ್ರಮಾಣವಿದ್ದಿತು, ಮುನ್ನರಿವು ಇರಲಿಲ್ಲ. ಹೊಸ ಅಂಕಿಗೆ ಮುನ್ನರಿವಿದೆ, ಊರಿನ ಪರಿಚಯವಿಲ್ಲ. ಇವೆರಡನ್ನೂ ಕೂಡಿಸುವುದಕ್ಕೆ ಹೊಸ ಯಂತ್ರವೇನೂ ಬೇಕಾಗಿಲ್ಲ. ಒಂದೊಂದು ನೆರೆಯ ವರ್ಷವೂ ನೀರು ಮುಟ್ಟಿದ ಎತ್ತರವನ್ನು ಆಯಾ ಬೀದಿಯ ಮೂಲೆಯ ಕಲ್ಲಿನ ಮೇಲೆ ಇಸವಿಸಹಿತ ಕೆತ್ತಿಸಿ, ಆ ದಿನ ಜಲಾಶಯದಿಂದಲೂ ನುಗುವಿನಿಂದಲೂ ಹರಿದ ಕ್ಯೂಸೆಕ್ ಎಷ್ಟು, ನೀರು ಬರಲು ಹಿಡಿದ ಗಂಟೆಗಳೆಷ್ಟು, ಗುಂಡ್ಲುಹೊಳೆ ಹೇಗಿದ್ದಿತು ಎಂಬುದನ್ನು ನಗರಸಭೆಯ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಹತ್ತು ನೆರೆಗಳಾಗುವಷ್ಟರಲ್ಲಿ ಊರಿಗೆ ತನ್ನದೇ ಆದ ವಕ್ರರೇಖೆಯೊಂದು ಸಿದ್ಧವಾಗುತ್ತದೆ. ಆಗ ತಮಟೆಯವನು ಕ್ಯೂಸೆಕ್ಕನ್ನು ಸಾರುವುದಕ್ಕೆ ಬದಲಾಗಿ ಬೀದಿಯ ಹೆಸರನ್ನು ಸಾರಬಹುದು. ಮನೆ ಕಟ್ಟಲು ನಿವೇಶನ ನೋಡಬಂದವನು ಕಲ್ಲಿನ ಮೇಲಣ ಗೆರೆಯನ್ನು ಕಂಡು ಎರಡು ಬಾರಿ ಯೋಚಿಸಬಹುದು. ಕೆತ್ತಿದ ಗೆರೆಗಿಂತ ಕೆಳಗೆ ಕಟ್ಟಡಕ್ಕೆ ಅನುಮತಿ ಬೇಡುವವನಿಗೆ ಉತ್ತರ ಹೇಳುವುದು ನಗರಸಭೆಗೂ ಸುಲಭವಾಗಬಹುದು.